ಚೈನ್‌ಸಾ ಸ್ಟಾರ್ಟ್ ಮಾಡುವ ಮುನ್ನ

ಎಲ್ಲರಿಗೂ ನಮಸ್ಕಾರ. ಪೆಟ್ರೋಲ್ ಚೈನ್‌ಸಾ ಹಿಡಿಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಕೈಯಲ್ಲಿ ಎತ್ತಿ ಹಿಡಿದು ಹಗ್ಗ ಎಳೆಯುವ ಅಭ್ಯಾಸ ಬಿಟ್ಟುಬಿಡಿ. ಗರಗಸ ಸಮತಟ್ಟು ನೆಲದ ಮೇಲಿರಲಿ, ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ) ಯಾವುದಕ್ಕೂ ತಾಗದಿರಲಿ, ಚೈನ್ ತಿರುಗದಂತೆ ತಡೆಯುವ ಚೈನ್ ಬ್ರೇಕ್ ಹಾಕಿರಲಿ. ಎಡಗೈ ಮುಂದಿನ ಹಿಡಿಯಲ್ಲಿ, ಬಲಗಾಲಿನ ಬೂಟಿನ ತುದಿ ಹಿಂದಿನ ಹಿಡಿಯೊಳಗೆ, ಬಲಗೈಯಲ್ಲಿ ಹಗ್ಗ. ಇಂಜಿನ್ ತಣ್ಣಗಿದ್ದರೆ ಚೋಕ್ (ಗಾಳಿ ಕಡಿಮೆ ಮಾಡಿ ಸ್ಟಾರ್ಟ್ ಆಗಲು ನೆರವಾಗುವ ಗುಂಡಿ) ಹಾಕಿ ಎಳೆಯಿರಿ; ಒಮ್ಮೆ 'ಪಟ್' ಎಂದು ಆರಿದ ಕೂಡಲೇ ಚೋಕ್ ತೆಗೆದು ಮತ್ತೆ ಎಳೆಯಿರಿ. ತೆಗೆಯದೆ ಎಳೆಯುತ್ತಲೇ ಹೋದರೆ ಕಿಡಿ ಹೊತ್ತಿಸುವ ಪ್ಲಗ್ ಪೆಟ್ರೋಲ್‌ನಿಂದ ಒದ್ದೆಯಾಗಿ ಇಂಜಿನ್ ಹಠ ಹಿಡಿಯುತ್ತದೆ.

ನನಗೆ ಹೆಚ್ಚು ಭಯವಿರುವುದು ಬಾರ್ ತುದಿಯ ಮೇಲ್ಭಾಗದ್ದು. ಓಡುತ್ತಿರುವ ಚೈನ್ ಅಲ್ಲಿ ಮರಕ್ಕೆ ತಗುಲಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದತ್ತ ಎಗರುತ್ತದೆ. ಎರಡೂ ಕೈ ಬಿಗಿಯಾಗಿರಲಿ, ಎಡ ಹೆಬ್ಬೆರಳು ಹಿಡಿಯನ್ನು ಸುತ್ತಿರಲಿ. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯುವುದು, ಏಣಿ ಮೇಲೆ ನಿಂತು ಕೊಯ್ಯುವುದು ಬೇಡವೇ ಬೇಡ.

ಆಕ್ಸಿಲರೇಟರ್ ಬಿಟ್ಟ ಮೇಲೂ ಚೈನ್ ತಿರುಗುತ್ತಿದ್ದರೆ ಕೆಲಸ ನಿಲ್ಲಿಸಿ, ರಿಪೇರಿ ಮಾಡಿಸಿ. ಇಂಜಿನ್ ತಣ್ಣಗಾದ ಮೇಲೇ ಪೆಟ್ರೋಲ್ ತುಂಬಿಸಿ. ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ದೂರ ಹೋಗಿ ಸ್ಟಾರ್ಟ್ ಮಾಡಿ. ಹೆಲ್ಮೆಟ್, ಕನ್ನಡಕ, ಕಿವಿಗೆ ಮುಚ್ಚಳ, ಚೈನ್‌ಸಾಗೆಂದೇ ಮಾಡಿದ ಪ್ಯಾಂಟ್ ಇಲ್ಲದವರು ಸದ್ಯಕ್ಕೆ ಮೆಷಿನ್ ಮುಟ್ಟಬೇಡಿ.