ಒಂಬತ್ತನೇ ತರಗತಿಯ ಪೋಷಕರಿಗೆ: ಮಕ್ಕಳು ಓದುತ್ತಿರುವ ಕಾದಂಬರಿಯ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಈ ಟರ್ಮ್‌ನಲ್ಲಿ ಒಂಬತ್ತನೇ ತರಗತಿಯ ಮಕ್ಕಳು ಇಂಗ್ಲಿಷ್ ಪೀರಿಯಡ್‌ನಲ್ಲಿ ಹಾರ್ಪರ್ ಲೀ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಓದುತ್ತಿದ್ದಾರೆ. ನಿಮ್ಮಲ್ಲಿ ಕೆಲವರು ಫೋನ್ ಮಾಡಿ ಕೇಳಿದಿರಿ. ಪರೀಕ್ಷೆಗೆ ಬರದ ಪುಸ್ತಕ ಯಾಕೆ? ಅತ್ಯಾಚಾರದ ಆರೋಪ, ಸಾವು, ಬೈಗುಳ ಇರುವ ಕಥೆ ಈ ವಯಸ್ಸಿನವರಿಗೆ ಬೇಕಾ? ಕೇಳಬೇಕಾದ ಪ್ರಶ್ನೆಗಳೇ. ಎಲ್ಲರಿಗೂ ಸೇರಿಸಿ ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬಿಡುವು ಮಾಡಿಕೊಂಡು ಓದಿ.

ಕಥೆ ನಡೆಯುವುದು 1930ರ ದಶಕದಲ್ಲಿ, ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯದ ಒಂದು ಕಲ್ಪಿತ ಊರಿನಲ್ಲಿ. ಹೇಳುವವಳು ಸ್ಕೌಟ್ ಎಂಬ ಪುಟ್ಟ ಹುಡುಗಿ. ಅವಳ ಅಪ್ಪ ಆಟಿಕಸ್ ಫಿಂಚ್ ವಕೀಲ. ಟಾಮ್ ರಾಬಿನ್ಸನ್ ಎಂಬ ಕಪ್ಪು ಮನುಷ್ಯನ ಮೇಲೆ ಒಬ್ಬ ಬಿಳಿ ಹುಡುಗಿ ಅತ್ಯಾಚಾರದ ಆರೋಪ ಹೊರಿಸುತ್ತಾಳೆ. ಅವನ ಪರ ವಾದಿಸುವ ಕೆಲಸ ಆಟಿಕಸ್ ಪಾಲಿಗೆ ಬರುತ್ತದೆ.

ಕೋರ್ಟಿನ ವಿಚಾರಣೆಯಲ್ಲಿ ಗೊತ್ತಾಗುವುದು ಇದು: ಹುಡುಗಿಗೆ ಪೆಟ್ಟು ಬಿದ್ದಿರುವುದು ಮುಖದ ಬಲಭಾಗಕ್ಕೆ. ಅಂದರೆ ಹೊಡೆದವನು ಎಡಗೈ ಬೀಸಿರಬೇಕು. ಟಾಮ್‌ನ ಎಡಗೈ ಹುಡುಗನಾಗಿದ್ದಾಗಲೇ ಹತ್ತಿಯ ಬೀಜ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಕೆಲಸಕ್ಕೆ ಬಾರದಂತಾಗಿದೆ. ಹುಡುಗಿಯ ಅಪ್ಪನೋ, ಎಡಚ. ಕೆಳಗೆ ಜಾಗ ಸಿಗದೆ, ಕಪ್ಪು ಜನರಿಗೆಂದು ಬಿಟ್ಟ ಬಾಲ್ಕನಿಯಲ್ಲಿ ಕೂತಿರುವ ಸ್ಕೌಟ್‌ಳ ಅಣ್ಣ ಜೆಮ್‌ಗೆ ಗೆದ್ದೇಬಿಟ್ಟೆವು ಎನಿಸುತ್ತದೆ. ಆದರೆ ಬಿಳಿಯರೇ ತುಂಬಿದ ಜ್ಯೂರಿ (ತೀರ್ಪು ಹೇಳಲು ಜನಸಾಮಾನ್ಯರಿಂದ ಆರಿಸಿದ ತಂಡ) ಟಾಮ್ ತಪ್ಪಿತಸ್ಥ ಎನ್ನುತ್ತದೆ. ಜೆಮ್ ಹೆಚ್ಚು ಕಡಿಮೆ ನಮ್ಮ ಮಕ್ಕಳ ವಯಸ್ಸಿನವನು. ಅವನು ಅಳುತ್ತಾನೆ.

ಆ ಅಧ್ಯಾಯ ಓದಿದ ದಿನ ನಮ್ಮ ಮಕ್ಕಳು ಟೀಚರ್ ಜೊತೆ ಜಗಳಕ್ಕೇ ನಿಂತರು. “ಸಾಕ್ಷಿ ಇದೆಯಲ್ಲ ಮೇಡಂ, ಮತ್ತೆ ಹೇಗೆ?” 1960ರಲ್ಲಿ ಬಂದ ಪುಸ್ತಕವನ್ನು ಇವತ್ತಿಗೂ ಜನ ಕೈಗೆತ್ತಿಕೊಳ್ಳುವುದು ಈ ‘ಮತ್ತೆ ಹೇಗೆ’ಗಾಗಿ ಎಂದು ನನ್ನ ಅನಿಸಿಕೆ. ಪತ್ತೇದಾರಿ ಕಥೆಯಲ್ಲಿ ಸತ್ಯ ಹೊರಬಿದ್ದರೆ ಕಥೆ ಮುಗಿಯುತ್ತದೆ. ಇಲ್ಲಿ ಸತ್ಯ ಎಲ್ಲರಿಗೂ ಕಾಣುತ್ತದೆ, ಆದರೂ ಟಾಮ್ ಜೈಲಿಗೆ ಹೋಗುತ್ತಾನೆ. ಅಲ್ಲೇ ಗುಂಡೇಟಿಗೆ ಸಾಯುತ್ತಾನೆ.

ಇನ್ನೊಂದು ದೃಶ್ಯ ಹೇಳಲೇಬೇಕು. ವಿಚಾರಣೆಯ ಹಿಂದಿನ ರಾತ್ರಿ ಟಾಮ್‌ನನ್ನು ಎಳೆದೊಯ್ಯಲು ಜೈಲಿನ ಮುಂದೆ ಗುಂಪು ಸೇರುತ್ತದೆ. ಅದರಲ್ಲಿ ಕನ್ನಿಂಗ್‌ಹ್ಯಾಮ್ ಎಂಬ ಬಡ ರೈತ ಇರುತ್ತಾನೆ. ಹಿಂದೆ ವಕೀಲರ ಫೀಸಿಗೆ ದುಡ್ಡಿಲ್ಲದೆ ಸೌದೆ, ಸೊಪ್ಪು ತಂದು ಸಾಲ ತೀರಿಸಿದ ಮರ್ಯಾದಸ್ಥ ಅವನು. ಸ್ಕೌಟ್ ಗುರುತು ಹಿಡಿದು, “ನಿಮ್ಮ ಮಗ ನನ್ನ ಕ್ಲಾಸಿನವನು” ಎಂದು ಮಾತಿಗಿಳಿಯುತ್ತಾಳೆ. ಅವನಿಗೆ ನಾಚಿಕೆಯಾಗುತ್ತದೆ. ಗುಂಪು ಚದುರುತ್ತದೆ. ಕೊಲ್ಲಲು ಬಂದವನು ರಾಕ್ಷಸನಾಗಿದ್ದರೆ ಮಕ್ಕಳಿಗೆ ಅರ್ಥ ಮಾಡಿಕೊಳ್ಳುವುದು ಸುಲಭವಾಗುತ್ತಿತ್ತು. ಅವನು ಪಕ್ಕದ ಮನೆಯವನ ಹಾಗೆ ಇದ್ದಾನಲ್ಲ, ಅದೇ ಕಷ್ಟ.

ಇದು ಬರೀ ಕಟ್ಟುಕಥೆಯೂ ಅಲ್ಲ. 1931ರಲ್ಲಿ ಅದೇ ಅಲಬಾಮಾದ ಸ್ಕಾಟ್ಸ್‌ಬರೊ ಊರಿನಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಇಂಥದ್ದೇ ಆರೋಪ ಬಂತು. ಕೆಲವೇ ವಾರಗಳಲ್ಲಿ ಎಂಟು ಜನರಿಗೆ ಮರಣದಂಡನೆಯ ತೀರ್ಪು ಬಂತು. ದೂರು ಕೊಟ್ಟ ಇಬ್ಬರು ಹೆಂಗಸರಲ್ಲಿ ಒಬ್ಬಳು 1933ರ ಮರುವಿಚಾರಣೆಯಲ್ಲಿ ಕೋರ್ಟಿಗೆ ಬಂದು, ಹಾಗೇನೂ ನಡೆದಿರಲಿಲ್ಲ ಎಂದಳು. ಜ್ಯೂರಿ ಮತ್ತೆ ಅಪರಾಧಿ ಎಂದೇ ತೀರ್ಪು ಕೊಟ್ಟಿತು! ಆ ಹುಡುಗರಲ್ಲಿ ಕೊನೆಯ ಮೂವರಿಗೆ ಕ್ಷಮಾದಾನ ಸಿಕ್ಕಿದ್ದು 2013ರಲ್ಲಿ, ಅವರೆಲ್ಲ ತೀರಿಹೋದ ಮೇಲೆ. ಹಾರ್ಪರ್ ಲೀ ಹುಟ್ಟಿದ್ದು 1926ರಲ್ಲಿ, ಅಲಬಾಮಾದ ಮನ್ರೋವಿಲ್‌ನಲ್ಲಿ. ಅವರ ಅಪ್ಪನೂ ವಕೀಲರು. ಕೊಲೆ ಆರೋಪ ಹೊತ್ತ ಇಬ್ಬರು ಕಪ್ಪು ಜನರ ಪರ ವಾದಿಸಿದ್ದರು. ಇಬ್ಬರನ್ನೂ ಗಲ್ಲಿಗೇರಿಸಲಾಯಿತು.

ನಿಮ್ಮ ಹಾಗೆಯೇ ಅಮೆರಿಕದಲ್ಲೂ ಈ ಪುಸ್ತಕಕ್ಕೆ ಆಕ್ಷೇಪ ಬಂದಿದೆ. 1966ರಲ್ಲಿ ವರ್ಜೀನಿಯಾದ ಒಂದು ಶಾಲಾ ಮಂಡಳಿ ಇದು ಅನೈತಿಕ ಎಂದಿತು. ಲೀ ಪತ್ರಿಕೆಗೆ ಕಾಗದ ಬರೆದು, ಜೊತೆಗೆ ಒಂದಿಷ್ಟು ದುಡ್ಡೂ ಕಳಿಸಿದರು. ಆ ಮಂಡಳಿಯವರನ್ನು ಒಂದನೇ ಕ್ಲಾಸಿಗೆ ಸೇರಿಸಿ ಎಂದು! (ನಿಮಗೆ ನಾನು ಹಾಗೆಲ್ಲ ಹೇಳುತ್ತಿಲ್ಲ.)

ಈಗಿನ ಆಕ್ಷೇಪ ಬೇರೆ, ನನ್ನ ಮಟ್ಟಿಗೆ ಹೆಚ್ಚು ತೂಕದ್ದು. ಅನ್ಯಾಯ ಆಗಿದ್ದು ಟಾಮ್‌ಗೆ, ಆದರೆ ಪುಸ್ತಕ ಮುಚ್ಚಿದಾಗ ನೆನಪಿನಲ್ಲಿ ಉಳಿಯುವುದು ಆಟಿಕಸ್. ಟಾಮ್‌ನ ಮನೆಯೊಳಗೆ, ಅವನ ಹೆಂಡತಿಯ ಮನಸ್ಸಿನೊಳಗೆ ಕಥೆ ಹೋಗುವುದೇ ಇಲ್ಲ. ಆಟಿಕಸ್ ಮನೆಯಲ್ಲಿ ಅಡುಗೆ ಮಾಡುವ ಕಪ್ಪು ಹೆಂಗಸು ಕ್ಯಾಲ್‌ಪೂರ್ನಿಯಾ ಚರ್ಚಿನಲ್ಲಿ ತನ್ನವರ ಜೊತೆ ಬೇರೆ ರೀತಿ ಮಾತಾಡುವುದನ್ನು ಸ್ಕೌಟ್ ಗಮನಿಸುತ್ತಾಳೆ. ಹೆಚ್ಚುಕಡಿಮೆ ಅಷ್ಟೇ. 2015ರಲ್ಲಿ ಹೊರಬಂದ ಲೀ ಅವರ ಇನ್ನೊಂದು ಕಾದಂಬರಿಯಲ್ಲಂತೂ ವಯಸ್ಸಾದ ಆಟಿಕಸ್ ಕಪ್ಪು ಜನರ ಸಮಾನತೆಗೆ ವಿರುದ್ಧವಾಗಿ ಮಾತಾಡುತ್ತಾನೆ. ಇದನ್ನೂ ಮಕ್ಕಳಿಗೆ ಹೇಳಿದ್ದೇವೆ. ಕೆಲವರು ಮುಖ ಚಿಕ್ಕದು ಮಾಡಿಕೊಂಡರು. ಪರವಾಗಿಲ್ಲ. ಟಾಮ್ ಮನೆಯವರ ಕಡೆಯಿಂದ ಒಂದು ಅಧ್ಯಾಯ ಬರೆಯುವುದೇ ಅವರ ಈ ತಿಂಗಳ ಪ್ರಾಜೆಕ್ಟ್.

ಮನೆಯಲ್ಲಿ ಅವರು ಇನ್ನೊಂದು ಪ್ರಶ್ನೆ ಕೇಳಬಹುದು: ನಮ್ಮಲ್ಲಿ ಜಾತಿ ಇದೆಯಲ್ಲ, ಅದೂ ಹೀಗೇನಾ? ಈ ಹೋಲಿಕೆ ಹೊಸದಲ್ಲ. 1946ರಲ್ಲಿ ಅಂಬೇಡ್ಕರ್ ಅವರೇ ಅಮೆರಿಕದ ಕಪ್ಪು ಚಿಂತಕ ಡು ಬೋಯಿಸ್‌ಗೆ ಪತ್ರ ಬರೆದು ಎರಡೂ ಕಡೆಯ ಸ್ಥಿತಿಯ ಸಾಮ್ಯವನ್ನು ಹೇಳಿದ್ದರು. ದಯವಿಟ್ಟು “ಅದೆಲ್ಲ ಈಗ ಇಲ್ಲ, ಸುಮ್ನೆ ಓದ್ಕೋ” ಎನ್ನಬೇಡಿ. ನಿಮಗೆ ಗೊತ್ತಿರುವುದನ್ನು, ನೀವು ನೋಡಿದ್ದನ್ನು ಹೇಳಿ.

ಇನ್ನು ಕ್ಲಾಸಿನ ವಿಷಯ. ಪುಸ್ತಕದಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಒಂದು ಬೈಗುಳ ಮತ್ತೆ ಮತ್ತೆ ಬರುತ್ತದೆ. ಅದನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ, ಟೀಚರ್ ಕೂಡ. ವಿಚಾರಣೆಯ ಅಧ್ಯಾಯಗಳ ಪಾಠಕ್ಕೆ ಶಾಲೆಯ ಕೌನ್ಸೆಲರ್ ಜೊತೆಯಲ್ಲಿರುತ್ತಾರೆ. ಇಷ್ಟಾದರೂ ನಿಮ್ಮ ಮಗ ಅಥವಾ ಮಗಳು ಓದುವುದು ಬೇಡ ಎನಿಸಿದರೆ ನನ್ನನ್ನು ಬಂದು ಕಾಣಿ. ಬೇರೆ ಪುಸ್ತಕ ಕೊಡುತ್ತೇವೆ, ಮಾರ್ಕ್ಸ್‌ಗೆ ತೊಂದರೆಯಿಲ್ಲ.

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಲೈಬ್ರರಿಯಲ್ಲಿ ಪೋಷಕರಿಗೂ ಒಂದು ಚರ್ಚೆ ಇಟ್ಟಿದ್ದೇವೆ. ಬರುವವರು 17ರಿಂದ 21ನೇ ಅಧ್ಯಾಯದವರೆಗೆ ಓದಿಕೊಂಡು ಬನ್ನಿ. ಇಂಗ್ಲಿಷ್ ಕಷ್ಟ ಎನ್ನುವವರಿಗೆ ಮಕ್ಕಳೇ ಕನ್ನಡದಲ್ಲಿ ಕಥೆ ಹೇಳಲು ತಯಾರಾಗಿದ್ದಾರೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ