ಸಂಪು ಅಗೆಯುವ ಮೊದಲು

ಬೆಂಗಳೂರು

ಚಿ. ಸೌ. ಸುಧಾಳಿಗೆ ಮಾವನ ಆಶೀರ್ವಾದಗಳು.

ಮನೆಯ ಪ್ಲಾನು ನೋಡಿದೆ. ಫೋನಿನಲ್ಲೇ ತೆಗೆಯುವ ಬೀಗ, ಕೂತಲ್ಲೇ ಆರಿಸುವ ದೀಪ, ಎಲ್ಲ ಇದೆ. ತಾರಸಿಯ ಮಳೆನೀರನ್ನು ಮಾತ್ರ ಸೀದಾ ಚರಂಡಿಗೆ ಬಿಟ್ಟಿದ್ದಾರೆ. ಸಂಪು, ಅಂದರೆ ನೆಲದಡಿಯ ನೀರಿನ ತೊಟ್ಟಿ, ಅಗೆಯುವ ಮೊದಲು ಇದನ್ನು ತಿದ್ದಿಸು.

ಈ ಊರು ಬೆಳೆದದ್ದೇ ದೂರದ ನೀರಿನಿಂದ. 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಈಗ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, 500 ಮೀಟರ್ ಎತ್ತರಕ್ಕೆ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪು ಮಾಡಿ ತಳ್ಳುತ್ತಾರೆ. ಆ ಎಂಜಿನಿಯರಿಂಗ್ ಇಲ್ಲದಿದ್ದರೆ ಇಲ್ಲಿ ಕಾರ್ಖಾನೆಯೂ ಇಲ್ಲ, ನಿನ್ನ ಸಾಫ್ಟ್‌ವೇರ್ ಕೆಲಸವೂ ಇಲ್ಲ. ಆದರೆ ಪೈಪು ಮುಟ್ಟದ ಬಡಾವಣೆಯವರು ಇಂದಿಗೂ ಟ್ಯಾಂಕರಿನವನು ಹೇಳಿದ ರೇಟು ಕೊಡಬೇಕು.

ಲೆಕ್ಕ ಸುಲಭ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರು. ನಿನ್ನ ಮೂವತ್ತು-ನಲವತ್ತರ ಸೈಟಿನಲ್ಲಿ ಸೆಟ್‌ಬ್ಯಾಕ್, ಅಂದರೆ ಸುತ್ತಲಿನ ಖಾಲಿ ಜಾಗ, ಬಿಟ್ಟು ತಾರಸಿ 80 ಚ.ಮೀ. ಅಂದುಕೊ. ವರ್ಷದ ಮಳೆ 900 ಮಿ.ಮೀ. ಹಿಡಿದು, ಸೋರಿಕೆಗೆ ನೂರಕ್ಕೆ ಹದಿನೈದು ಕಳೆದರೂ ಸುಮಾರು 60,000 ಲೀಟರು. ಅಂದರೆ ದೊಡ್ಡ ಟ್ಯಾಂಕರು ಹತ್ತು.

ತಾರಸಿಯ ವಾಟ ಒಂದೇ ಮೂಲೆಗೆ ಇರಲಿ. ನಾಲ್ಕು ಇಂಚಿನ ಪೈಪು, ಬಾಯಿಗೆ ಜಾಲರಿ. ಮೊದಲ 2 ಮಿ.ಮೀ. ಮಳೆಯಲ್ಲಿ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಕೊಚ್ಚಿಕೊಂಡು ಬರುತ್ತದೆ. ಆ 160 ಲೀಟರನ್ನು ಬೇರೆ ಡ್ರಮ್ಮಿಗೆ ತಿರುಗಿಸು, ಆಮೇಲಿನದು ಫಿಲ್ಟರಿನ ಮೂಲಕ ಸಂಪಿಗೆ. ಎಡವಟ್ಟಾಗುವುದು ಇಲ್ಲೇ. ಮಳೆ ನಿಂತ ಮೇಲೆ ಆ ಡ್ರಮ್ಮು ಖಾಲಿಯಾಗದಿದ್ದರೆ ಮುಂದಿನ ಸಲದ ಕೊಳೆ ನೇರವಾಗಿ ಫಿಲ್ಟರಿಗೆ ಬರುತ್ತದೆ, ಸೊಳ್ಳೆ ಬೇರೆ. ತಳದಲ್ಲಿ 3 ಮಿ.ಮೀ. ತೂತು ಕೊರೆಸು, ತಾನಾಗಿ ತೊಟ್ಟಿಕ್ಕಿ ಬರಿದಾಗುತ್ತದೆ. ಆ ತೂತಿಗೆ ಕಸ ಕಟ್ಟಿದೆಯಾ ಅಂತ ಆಗಾಗ ಒಂದು ಕಡ್ಡಿ ಹಾಕಿ ನೋಡು.

ಫಿಲ್ಟರಿನಲ್ಲಿ ಕೆಳಗೆ ಜಲ್ಲಿ, ನಡುವೆ ಇದ್ದಿಲು, ಮೇಲೆ ದಪ್ಪ ಮರಳು, ಪದರಗಳ ನಡುವೆ ನೈಲಾನ್ ಬಲೆ. ಕೆಲವು ಮಳೆಗೆ ಮರಳಿನ ಮೇಲೆ ಕೆಸರಿನ ಕೆನೆ ಕಟ್ಟಿ ನೀರು ಇಳಿಯದೆ ಉಕ್ಕುತ್ತದೆ. ಆಗ ಪ್ಲಂಬರು ಫಿಲ್ಟರನ್ನೇ ತಪ್ಪಿಸಿ ಪೈಪು ಜೋಡಿಸಿ ಹೋಗುತ್ತಾನೆ, ಅಲ್ಲಿಗೆ ಮುಗಿಯಿತು! ಮೇಲಿನ ಎರಡು ಇಂಚು ಮರಳು ಕೆರೆದು ಬಕೆಟ್ಟಿನಲ್ಲಿ ತೊಳೆದು ಹಾಕಿದರೆ ಸಾಕು. ಯುಗಾದಿ ಹೊತ್ತಿಗೊಮ್ಮೆ, ಗಣೇಶನ ಹಬ್ಬದ ಹೊತ್ತಿಗೊಮ್ಮೆ. ಮಳೆನೀರು ಹಿಡಿಯಬೇಕೆಂದು 2009ರಿಂದ ಕಾನೂನೂ ಇದೆ. ಅದಕ್ಕೆ ಹೆದರಿ ಡ್ರಮ್ಮು ಇಟ್ಟು ಮರೆತವರೇ ಹೆಚ್ಚು.

ಸಂಪು ತುಂಬಿ ಹೆಚ್ಚಾದದ್ದು ಇಂಗುಬಾವಿಗೆ, ಅಂದರೆ ನೀರನ್ನು ನೆಲಕ್ಕೆ ಇಂಗಿಸುವ ಬಾವಿಗೆ. ಮೂರಡಿ ಅಗಲ, ಇಪ್ಪತ್ತಡಿ ಆಳ. ಒಳಗೆ ಇಳಿಸುವ ಕಾಂಕ್ರೀಟ್ ರಿಂಗುಗಳ ಸಂದಿಗೆ ಸಿಮೆಂಟು ಬೇಡ, ತಳಕ್ಕೂ ಬೇಡ. ಅಗೆಯಲು ಬಾವಿ ತೋಡುವ ಭೋವಿಗಳನ್ನೇ ಕರೆಸು; ಮಣ್ಣಿನ ಬಣ್ಣ ನೋಡಿಯೇ ಎಲ್ಲಿ ನಿಲ್ಲಿಸಬೇಕೆಂದು ಹೇಳುತ್ತಾರೆ, ಅವರಿಗೂ ಕೂಲಿ ಸಿಗುತ್ತದೆ. ವಾಷಿಂಗ್ ಮೆಷಿನ್ ನೀರನ್ನು ಅದಕ್ಕೆ ಸೇರಿಸಬೇಡ. ಕೊಳವೆಬಾವಿಗೆ ತಾರಸಿ ನೀರನ್ನು ನೇರ ಬಿಡುತ್ತೇನೆ ಅಂದರೆ ಒಪ್ಪಲೇಬೇಡ. ಬಂಡೆಯ ಬಿರುಕಿಗೆ ಹೋದ ಕೊಳೆಯನ್ನು ಯಾರೂ ತೆಗೆಯಲಾರರು.

ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಪಾರ್ಕಿದೆ, ವಿಶ್ವೇಶ್ವರಯ್ಯನವರ ಹೆಸರಿನದು. ಅಲ್ಲಿಗೆ ಹೋಗುವಾಗ ಪ್ಲಂಬರನ್ನೂ ಕರೆದುಕೊಂಡು ಹೋಗು.

ಇತಿ,
ನಿನ್ನ ಸೋದರಮಾವ