‘ಅನ್ವಯಿಸುವುದಿಲ್ಲ’ ಎಂದು ಬರೆಯುವ ಮುನ್ನ

ಚಿ. ಮಾನಸಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿನಗೆ ಮಾಹಿತಿ ಹಕ್ಕಿನ ಅರ್ಜಿಗಳ ಕೆಲಸ ವಹಿಸಿದ್ದಾರೆಂದು ಅಕ್ಕ ಹೇಳಿದಳು. ಸಂತೋಷವಾಯಿತು. ಹಳೆಯ ಕಡತಗಳಲ್ಲಿ ‘ಇನ್‌ಅಪ್ಲಿಕಬಲ್’ (ಅನ್ವಯಿಸುವುದಿಲ್ಲ) ಎಂಬ ಒಂದೇ ಮಾತಿನಲ್ಲಿ ಅರ್ಜಿ ಮುಗಿಸಿರುವುದನ್ನು ನೋಡಿ, ಅದನ್ನು ಎಲ್ಲಿ ಬಳಸಬೇಕೆಂದು ಕೇಳಿದ್ದೀಯಂತೆ. ಕೇಳಿದ್ದು ಒಳ್ಳೆಯದಾಯಿತು.

ಅನ್ವಯಿಸದಿರುವುದು ನಿಯಮ, ಷರತ್ತು, ಹಿಂದಿನ ತೀರ್ಪು, ಇಂಥವು, ಮನುಷ್ಯರಲ್ಲ. ಇಂಗ್ಲಿಷಿನಲ್ಲಿ ಅರ್ಜಿ ಹಾಕುವುದಕ್ಕೂ ‘ಅಪ್ಲೈ’, ನಿಯಮ ಅನ್ವಯಿಸುವುದಕ್ಕೂ ‘ಅಪ್ಲೈ’. ಆ ಗೊಂದಲದಲ್ಲೇ ‘ಐ ಆಮ್ ನಾಟ್ ಅಪ್ಲಿಕಬಲ್ ಫಾರ್ ದಿಸ್ ಪೋಸ್ಟ್’ ಎಂದು ಬರೆಯುವವರಿದ್ದಾರೆ. ಅಲ್ಲಿ ಬೇಕಾದದ್ದು ‘ಅನರ್ಹ’ ಎಂಬರ್ಥದ ‘ಇನ್‌ಎಲಿಜಿಬಲ್’. ‘ಇನ್‌ವ್ಯಾಲಿಡ್’ ಕೂಡ ಬೇರೆ. ಅಸಿಂಧುವಾದ ನಿಯಮಕ್ಕೆ ಬಲವೇ ಇರುವುದಿಲ್ಲ. ಅನ್ವಯಿಸದ ನಿಯಮಕ್ಕೆ ಬಲವಿರುತ್ತದೆ, ಆದರೆ ಎದುರಿಗಿರುವ ವಿಷಯ ಅದರ ವ್ಯಾಪ್ತಿಗೆ ಬರುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯನ್ನೇ ನೋಡು: 2019ರ ಅಕ್ಟೋಬರ್ 31ರವರೆಗೆ ಅದು ಜಮ್ಮು ಮತ್ತು ಕಾಶ್ಮೀರಕ್ಕೆ ಅನ್ವಯಿಸುತ್ತಿರಲಿಲ್ಲ, ದೇಶದ ಉಳಿದೆಡೆ ಪೂರ್ಣ ಜಾರಿಯಲ್ಲಿತ್ತು.

ಇನ್ನು ನಿನ್ನ ಕೆಲಸಕ್ಕೆ ಬರುತ್ತೇನೆ. ಆ ಕಾಯ್ದೆಯ 24ನೇ ಕಲಂ, ಎರಡನೇ ಅನುಸೂಚಿಯಲ್ಲಿರುವ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಗೆ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುತ್ತದೆ. ರಾಜ್ಯ ಸರ್ಕಾರವೂ ತನ್ನ ಅಂಥ ಸಂಸ್ಥೆಗಳನ್ನು ಅಧಿಸೂಚನೆಯಿಂದ ಹೊರಗಿಡಬಹುದು. ಆದರೆ ಅದೇ ಕಲಮಿನಲ್ಲಿ ಮುಂದಕ್ಕೆ ಓದಬೇಕು, ಮಾನಸ. ಭ್ರಷ್ಟಾಚಾರದ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಗೆ ಈ ವಿನಾಯಿತಿ ಇಲ್ಲ. ಮೊದಲ ಸಾಲು ಓದಿ ಕಡತ ಮುಚ್ಚಿದರೆ ಕಾನೂನನ್ನು ಅರ್ಧ ಓದಿದಂತಾಗುತ್ತದೆ, ಅರ್ಜಿದಾರನಿಗೆ ಅನ್ಯಾಯವಾಗುತ್ತದೆ.

8ನೇ ಕಲಮಿನ ಮಾತೇ ಬೇರೆ. ಅಲ್ಲಿ ಕಾಯ್ದೆ ನಿನ್ನ ಕಚೇರಿಗೆ ಅನ್ವಯಿಸುತ್ತದೆ, ಕೆಲವು ಬಗೆಯ ಮಾಹಿತಿಗೆ ಮಾತ್ರ ವಿನಾಯಿತಿ. ಅದರಲ್ಲೂ ಸಾರ್ವಜನಿಕ ಹಿತ ಹೆಚ್ಚೆನಿಸಿದರೆ ಮಾಹಿತಿ ಕೊಡಬಹುದು. ಹಾಗಿರುವಾಗ ಅಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆದರೆ ತಪ್ಪು. ಕೇಳಿದ ಮಾಹಿತಿ ಬೇರೆ ಕಚೇರಿಯಲ್ಲಿದ್ದರೂ ಆ ಮಾತು ಸಲ್ಲದು: 5 ದಿನದೊಳಗೆ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸಿ ಅರ್ಜಿದಾರನಿಗೆ ತಿಳಿಸಬೇಕು. ಬರಿಯ ‘ಎನ್.ಎ.’ ಎಂದಂತೂ ಬರೆಯಲೇಬೇಡ. ಅದು ‘ಅನ್ವಯಿಸುವುದಿಲ್ಲ’ ಎಂದೂ ಆಗುತ್ತದೆ, ‘ಲಭ್ಯವಿಲ್ಲ’ ಎಂದೂ ಆಗುತ್ತದೆ. ಕಳೆದುಹೋದ ಕಡತವನ್ನು ಈ ಎರಡಕ್ಷರದ ಹಿಂದೆ ಬಚ್ಚಿಡಬಾರದು.

ಹಿಂಬರಹ, ಅಂದರೆ ಅರ್ಜಿದಾರನಿಗೆ ಕೊಡುವ ಲಿಖಿತ ಉತ್ತರ, ಬರೆಯುವಾಗ ಯಾವ ಕಲಂ, ಈ ಮಾಹಿತಿಗೆ ಅದು ಏಕೆ ತಗಲುತ್ತದೆ ಎಂಬುದನ್ನು ಬಿಡಿಸಿ ಹೇಳು. ನಿರಾಕರಿಸಿದರೆ ಕಾರಣ, ಮೇಲ್ಮನವಿಯ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ ಮೂರನ್ನೂ ಕೊಡಬೇಕೆಂದು 7ನೇ ಕಲಂ ಹೇಳುತ್ತದೆ. ಉತ್ತರ ಕೊಡಲು ಸಾಮಾನ್ಯವಾಗಿ 30 ದಿನದ ಗಡುವು. ಕೊನೆಯ ದಿನದವರೆಗೆ ಕಾಯಬೇಡ. ಊರಿನಿಂದ ಬಸ್ಸು ಹಿಡಿದು ಬರುವವರಿಗೆ ‘ಏಕೆ ಇಲ್ಲ’ ಎಂಬುದು ಕನ್ನಡದಲ್ಲೇ, ಓದಿದ ಕೂಡಲೇ ತಿಳಿಯಬೇಕು. ಮೇಲ್ಮನವಿಗೆ ಹೋದಾಗ ಅವರ ಕೈಯಲ್ಲಿರುವುದು ನಿನ್ನ ಆ ಕಾಗದವೇ.

ಮುಂದಿನ ವಾರ ಒಂದೆರಡು ಹಿಂಬರಹದ ಕರಡನ್ನು, ಅರ್ಜಿದಾರರ ಹೆಸರು ತೆಗೆದು, ನನಗೆ ಕಳಿಸು. ಕೂತು ನೋಡೋಣ.

ಇತಿ,
ನಿನ್ನ ಮಾವ